ತೂತಿಲ್ಲದ ಮಣಿ

ಹತ್ತು ಗ್ರಾಂ ಕೆಂಪು ಮಣಿಯ ಪೊಟ್ಟಣ ಒಡೆದು ತಟ್ಟೆಗೆ ಸುರಿದರೆ ತೂತೇ ಇಲ್ಲದ ಮಣಿ ನಾಲ್ಕಾರಾದರೂ ಇರುತ್ತವೆ. ತೂತಿದ್ದೂ ಸೂಜಿ ಹೋಗದವು ಇನ್ನೊಂದಿಷ್ಟು. ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುತ್ತದೆ, ಸೂಜಿ ತೂರಿಸಿದರೆ ಅರ್ಧದಲ್ಲಿ ಮುಷ್ಕರ. ಮಣಿ ಎಂದರೆ ಇರುವುದೇ ಒಂದು ತೂತು, ಅದರ ಸುತ್ತ ಚೂರು ಗಾಜು. ಗಾಜು ಕೊಟ್ಟು ತೂತು ಇಟ್ಟುಕೊಂಡವರಿಗೆ ಏನು ಹೇಳೋಣ? ಅದಕ್ಕೂ ತಕ್ಕಡಿ ಹಿಡಿದೇ ದುಡ್ಡು ಎಣಿಸಿಕೊಂಡಿರುತ್ತಾರೆ. ತೂತಿಲ್ಲದ ಮಣಿ ತೂತಿರುವ ಮಣಿಗಿಂತ ಕಡಿಮೆಯೇನೂ ತೂಗುವುದಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ, ಹೊಟ್ಟೆ ಉರಿಯುವುದಾದರೆ ಪೂರ್ತಿ ಉರಿಯಲಿ.

ವರ್ಷವಿಡೀ ಇರುವ ಈ ಕಿರಿಕಿರಿ ನೆತ್ತಿಗೇರುವುದು ದೊಡ್ಡಹಬ್ಬ, ಅಂದರೆ ದೀಪಾವಳಿ, ಮುಗಿದು ಕ್ರಿಸ್‌ಮಸ್ ಹತ್ತಿರವಾಗುವ ಹೊತ್ತಿಗೆ. ಕಾರವಾರ, ಸದಾಶಿವಗಡ, ಬಿಣಗಾ ಕಡೆ ಜಗುಲಿಯಲ್ಲಿ ಮಣಿ ಹರವಿಕೊಂಡು ಕೂತವರಿಗೆ ಡಿಸೆಂಬರ್ ಎಂದರೆ ಕಿವಿಯೋಲೆ, ಕೈಸರ, ಬಾಲಯೇಸುವಿನ ಗೋದಲಿಯ ಮೇಲೆ ತೂಗಿಬಿಡುವ ಬೆರಳುದ್ದದ ನಕ್ಷತ್ರ. ಗೋಕರ್ಣದಲ್ಲೂ ಆಗಲೇ ಪ್ರವಾಸಿಗರ ಸುಗ್ಗಿ. "ಮಣಿ ಪೋಣಿಸೋದು ತಾನೆ, ಟೀವಿ ನೋಡ್ತಾ ಮಾಡಿ ಬಿಸಾಕಬಹುದು" ಎನ್ನುವವರೂ ಇದೇ ಋತುವಿನಲ್ಲಿ ಹೆಚ್ಚು. ಟೀವಿ ನೋಡುತ್ತ ಪೋಣಿಸಿದ ಸರ ಹತ್ತು ಮಾರು ದೂರದಿಂದಲೇ ಗೊತ್ತಾಗುತ್ತದೆ, ಧಾರಾವಾಹಿಯ ಯಾವ ಘಟ್ಟದಲ್ಲಿ ಕೈ ತಪ್ಪಿತು ಎಂಬುದೂ ಸೇರಿ.

ನಂಬರಿನ ವಿಷಯವನ್ನು ಬೇಗ ಮುಗಿಸೋಣ. 11ನೇ ನಂಬರಿನ ಮಣಿ ಸುಮಾರು 2 ಮಿ.ಮೀ., 8ನೇದು 3, 6ನೇದು 4. ನಂಬರು ಏರಿದಂತೆ ಮಣಿ ಸಣ್ಣದಾಗುತ್ತದೆ. "ಸ್ವಲ್ಪ ದೊಡ್ಡದಿರಲಿ, ಹದಿನೈದೇ ಕೊಡಿ" ಎಂದು ಕೇಳಿ ಸಾಸಿವೆಯಂಥದ್ದನ್ನು ಮನೆಗೆ ತಂದವರು ಬೇಕಾದಷ್ಟು ಜನ. 11ರದ್ದಾದರೆ ಇಂಚಿಗೆ ಹದಿನೇಳೋ ಹದಿನೆಂಟೋ ಹಿಡಿಯುತ್ತವೆ. 18 ಇಂಚಿನ ಒಂದೆಳೆ ಸರಕ್ಕೆ ಮುನ್ನೂರ ಇಪ್ಪತ್ತರ ಆಸುಪಾಸು ಬೇಕು. ಗ್ರಾಮಿಗೆ ಸುಮಾರು ನೂರಹತ್ತು ಬರುವುದರಿಂದ ಹತ್ತು ಗ್ರಾಮಿನಲ್ಲಿ ಲೆಕ್ಕಕ್ಕೆ ಮೂರು ಸರವಾಗಬೇಕು. ಆರಿಸಿ ಎಸೆದ ಮೇಲೆ ಎರಡೂಕಾಲು ಆದರೆ ಪುಣ್ಯ. ಆರಿಸುವುದಕ್ಕೆ ಸುಲಭದ ಉಪಾಯ: ಮಣಿಯ ರಾಶಿಯೊಳಗೆ ಸೂಜಿಯನ್ನು ಅಡ್ಡಡ್ಡ ಆಡಿಸಬೇಕು. ತೂತು ನೆಟ್ಟಗಿರುವವು ತಾವಾಗಿ ಸೂಜಿ ಏರುತ್ತವೆ, ಏರದೆ ಉಳಿದವರ ಮೇಲೆ ಸಂಶಯ ಇಟ್ಟುಕೊಳ್ಳಬಹುದು. ಮಣಿಯ ಕೆಳಗೆ ಹಾಸಲು ಮಖಮಲ್ ಬಟ್ಟೆ ಒಳ್ಳೆಯದು. ಟವೆಲ್ ಬೇಡ, ಅದರ ಕುಣಿಕೆಗಳಿಗೆಲ್ಲ ಸೂಜಿಯ ಮೇಲೆ ಪ್ರೀತಿ.

2021ರ ನವೆಂಬರಿನಲ್ಲಿ ಅಂಕೋಲೆ ಸೀಮೆಯ ಹಾಲಕ್ಕಿ ಸಮುದಾಯದ ತುಳಸಿ ಗೌಡರು ಪದ್ಮಶ್ರೀ ಸ್ವೀಕರಿಸಲು ರಾಷ್ಟ್ರಪತಿ ಭವನದೊಳಗೆ ಬರಿಗಾಲಲ್ಲಿ ನಡೆದುಹೋದ ಚಿತ್ರವನ್ನು ದೇಶವೆಲ್ಲ ನೋಡಿತು. ಊರಿನವರೆಲ್ಲ ಪಾದ ನೋಡಿದರೆ ಮಣಿ ಪೋಣಿಸುವವರು ಕೊರಳು ನೋಡಿದರು. ಹಾಲಕ್ಕಿ ಹೆಂಗಸರ ಕೊರಳಲ್ಲಿ ಅಷ್ಟೊಂದು ಎಳೆ ಒಂದರ ಮೇಲೊಂದು ಕೂತರೂ ಎಲ್ಲೂ ಸಿಕ್ಕುಬೀಳುವುದಿಲ್ಲ. ಹಬ್ಬಕ್ಕೆ ಮೂರೆಳೆ ಮಾಡಿ ಮೂರನ್ನೂ ಜಡೆ ಹಾಕಿಸಿಕೊಂಡು ಕೂರುವವರು ಅದನ್ನೊಮ್ಮೆ ಹತ್ತಿರದಿಂದ ನೋಡಬೇಕು.

ತೂತಿಲ್ಲದ ಮಣಿ ಯಾವಾಗಲೂ ಕಡಿಮೆ ಬಿದ್ದಿರುವ ಬಣ್ಣದಲ್ಲೇ ಜಾಸ್ತಿ ಸಿಗುತ್ತದೆ. ಇದಕ್ಕೆ ಕಾರಣವಿದೆ, ಹೇಳುತ್ತೇನೆ. ಅದಕ್ಕೆ ಮೊದಲು ತೂತು ಎಲ್ಲಿಂದ ಬರುತ್ತದೆ ಎಂದು ತಿಳಿಯಬೇಕಲ್ಲ. ಗಾಜಿನ ಮಣಿಗೆ ಯಾರೂ ಒಂದೊಂದಾಗಿ ಬೈರಿಗೆ ಹಿಡಿಯುವುದಿಲ್ಲ. ತಿರುಪತಿ ಸಮೀಪದ ಪಾಪಾನಾಯುಡುಪೇಟೆಯಲ್ಲಿ ಮಾಡುತ್ತಿದ್ದ ಹಳೆಯ ಕ್ರಮ ನೋಡಿ: ಕರಗಿದ ಗಾಜಿನ ಮುದ್ದೆಯ ನಡುವೆ ಪೊಳ್ಳು ಮಾಡಿ, ಅದನ್ನು ಉದ್ದಕ್ಕೆ ಎಳೆಯುತ್ತ ಹೋದರೆ ಸಪೂರ ಕೊಳವೆ. ಕೊಳವೆಯನ್ನು ಚೂರುಚೂರು ಕತ್ತರಿಸಿ, ಬೂದಿಯಲ್ಲಿ ಹೊರಳಿಸಿ ಮತ್ತೆ ಕಾಯಿಸಿದರೆ ಅಂಚು ಉರುಟಾಗುತ್ತದೆ. ಬೂದಿ ಒಳಗೆ ತುಂಬಿರುವುದರಿಂದ ತೂತು ಮುಚ್ಚುವುದಿಲ್ಲ. ಯಂತ್ರ ಬಂದ ಮೇಲೂ ಕೊಳವೆ ಎಳೆಯುವುದು, ಕತ್ತರಿಸುವುದು, ಕಾಯಿಸುವುದು ಇದ್ದೇ ಇದೆ. ಕಾವು ಹೆಚ್ಚಾದರೆ ಗಾಜು ಕುಸಿದು ತೂತು ಮುಚ್ಚುತ್ತದೆ, ತುಂಬಿದ್ದು ಸರಿಯಾಗಿ ತೊಳೆದುಹೋಗದಿದ್ದರೆ ಗಟ್ಟಿಯಾಗಿ ಕೂರುತ್ತದೆ. ಅಂದರೆ ತೂತಿಲ್ಲದ ಮಣಿಗೂ ಒಂದು ಕಾಲಕ್ಕೆ ತೂತಿತ್ತು.

ತೂತನ್ನು ನಾವೇ ಮಾಡಿಕೊಳ್ಳಬೇಕಾದ ಸರ ಎಂದರೆ ಘಟ್ಟದ ಮೇಲಿನ ಗೋಪೂಜೆಯದ್ದು. ಶಿರಸಿ, ಸಿದ್ದಾಪುರದ ಕಡೆ ದೀಪಾವಳಿಯ ಪಾಡ್ಯದ ದಿನ ಕೊಟ್ಟಿಗೆಯ ಪ್ರತಿಯೊಂದು ದನಕ್ಕೂ ಸರ ಆಗಬೇಕು: ಅಡಿಕೆ, ಹಿಂಡ್ಲೆಕಾಯಿ ಎಂಬ ಕಹಿ ಕಾಯಿ, ಚೆಂಡುಹೂ, ನಡುವೆ ಭತ್ತದ ತೆನೆ, ಹಿಂಗಾರದ ಎಂದರೆ ಅಡಿಕೆ ಹೂಗೊನೆಯ ಎಸಳು. ನಾಲ್ಕು ದನ, ಎರಡು ಕರು ಎಂದರೆ ಹಿಂದಿನ ರಾತ್ರಿ ಒಬ್ಬರ ನಿದ್ದೆ ಹೋಯಿತು. ಇಲ್ಲಿ ಹನ್ನೆರಡನೇ ನಂಬರಿನ ಸಪೂರ ಸೂಜಿ ಯಾರಿಗೂ ಬೇಡ, ಗೋಣಿ ಹೊಲಿಯುವ ದಬ್ಬಣ ಬೇಕು. ಅಡಿಕೆಯನ್ನು ಸಿಪ್ಪೆ ಸಮೇತ ಪೋಣಿಸುವುದಾದರೆ ನಟ್ಟನಡುವೆ ಚುಚ್ಚಬಾರದು. ಒಳಗಿನ ಗಟ್ಟಿ ಬೆಟ್ಟೆ ತಾಗಿದರೆ ದಬ್ಬಣ ಜಾರಿ ಅಂಗೈಗೆ ಬರುತ್ತದೆ. ತೊಟ್ಟಿನ ಪಕ್ಕದಿಂದ ಓರೆಯಾಗಿ ಒಳಹೊಕ್ಕು ಸಿಪ್ಪೆಯ ನಾರಿನಲ್ಲೇ ಹಾದು ಹೊರಬರಬೇಕು. ಹಸಿ ಅಡಿಕೆಯ ಚೊಗರು ಬೆರಳಿಗೆ ಹತ್ತಿದರೆ ಹಬ್ಬ ಮುಗಿದರೂ ಕಪ್ಪು ಹೋಗುವುದಿಲ್ಲ, ಮೊದಲೇ ಕೊಬ್ಬರಿ ಎಣ್ಣೆ ಸವರಿಕೊಂಡರೆ ಸ್ವಲ್ಪ ಪಾರು. ಹಿಂಡ್ಲೆಕಾಯಿಯನ್ನು ತೊಟ್ಟಿನಿಂದ ತುದಿಗೆ ಚುಚ್ಚಿದರೆ ಸಾಲಾಗಿ ಕೂರುತ್ತದೆ, ಅಡ್ಡ ಚುಚ್ಚಿದರೆ ಒಂದೊಂದೂ ಒಂದೊಂದು ದಿಕ್ಕಿಗೆ ಮುಖ ಮಾಡುತ್ತದೆ. ಚೆಂಡುಹೂವಿಗೆ ಹಸಿರು ತೊಟ್ಟಿನಲ್ಲೇ ದಾರ ಹಿಡಿಸಬೇಕು, ಎಸಳನ್ನು ನಂಬಿದರೆ ಕೊಟ್ಟಿಗೆಯಿಂದ ಅಂಗಳಕ್ಕೆ ಬರುವಷ್ಟರಲ್ಲಿ ದಾರ ಮಾತ್ರ ಉಳಿದಿರುತ್ತದೆ.

ದಾರದ್ದೇ ದೊಡ್ಡ ಮಾತು. ಈಗೀಗ ನೈಲಾನ್ ಹುರಿ ಹಾಕಿ ಮುಗಿಸುವವರಿದ್ದಾರೆ. ಅವರನ್ನು ಕಂಡರೆ ನನಗೆ ಸಿಟ್ಟು, ಮುಚ್ಚಿಡುವುದಿಲ್ಲ. ಬಾಳೆ ನಾರಿನ ಸರ ಬೇಲಿಗೂಟಕ್ಕೋ ಪಕ್ಕದ ದನದ ಕೋಡಿಗೋ ಸಿಕ್ಕಿದರೆ ಪಟ್ಟೆಂದು ಹರಿಯುತ್ತದೆ. ಹರಿಯಲೇಬೇಕು. ನೈಲಾನ್ ಹರಿಯದೆ ಕುತ್ತಿಗೆ ಬಿಗಿಯುತ್ತದೆ. ಇನ್ನು ತಿನ್ನುವ ವಿಚಾರ. ಈ ಸರದ ಗಿರಾಕಿ ಕನ್ನಡಿ ನೋಡಿಕೊಳ್ಳುವುದಿಲ್ಲ, ಬಣ್ಣ ಬೇರೆ ಇದೆಯೇ ಎಂದು ಕೇಳುವುದಿಲ್ಲ, ಚೌಕಾಸಿ ಇಲ್ಲವೇ ಇಲ್ಲ. ಆರತಿ ಎತ್ತುತ್ತಿದ್ದ ಹಾಗೆ ಪಕ್ಕದಲ್ಲಿ ನಿಂತವಳ ಕೊರಳಿಗೆ ಬಾಯಿ ಹಾಕುತ್ತದೆ. ಮೊದಲು ಹೋಗುವುದು ತೆನೆ, ಆಮೇಲೆ ಹಿಂಗಾರ. ಕಹಿ ಹಿಂಡ್ಲೆಕಾಯಿಯೊಂದು ಸಂಜೆವರೆಗೆ ಉಳಿಯುತ್ತದೆ. ಬಾಳೆ ನಾರು ಹೊಟ್ಟೆಗೆ ಹೋದರೆ ಮೇವಾಯಿತು, ನೈಲಾನ್ ಹೋದರೆ ದನದ ಡಾಕ್ಟರಿಗೆ ಫೋನು. ಆದ್ದರಿಂದ ಬಲ್ಲವರು ತೆನೆಯನ್ನು ಪಕ್ಕದ ದನದ ಬಾಯಿಗೆ ಎಟುಕದ ಹಾಗೆ ಎದೆಯ ಕಡೆಗೆ ಕಟ್ಟುತ್ತಾರೆ, ಕುತ್ತಿಗೆಯ ಬದಿಗೆ ಹಿಂಡ್ಲೆಕಾಯಿ ಬಿಡುತ್ತಾರೆ. ಸರದ ಉದ್ದವನ್ನು ದನ ತಲೆ ಎತ್ತಿ ನಿಂತಾಗ ಅಳೆದರೆ ಕೆಟ್ಟಿತು. ತಲೆ ಬಗ್ಗಿಸಿದಾಗ ಸರ ಕೋಡಿನವರೆಗೆ ಜಾರಿ ಬರುತ್ತದೆ. ಬನವಾಸಿ ಕಡೆ ಹೋರಿ ಬೆದರಿಸುವ ಹಬ್ಬಕ್ಕೆ ಕಟ್ಟುವ ಕೊಬ್ಬರಿ ಹಾರದ ಲೆಕ್ಕವೇ ಬೇರೆ. ಅಲ್ಲಿ ಹರಿದುಕೊಳ್ಳುವುದಕ್ಕೆ ಮನುಷ್ಯರೇ ಕಾದು ನಿಂತಿರುತ್ತಾರೆ. ಆದರೂ ಕೊಬ್ಬರಿ ಬಟ್ಟಲಿನ ಅಂಚಿಗೆ ತೀರ ಹತ್ತಿರ ತೂತು ಕೊರೆದರೆ ಯಾರೂ ಮುಟ್ಟುವ ಮೊದಲೇ ಸೀಳಿ ಬೀಳುತ್ತದೆ.

ಘಟ್ಟ ಇಳಿದು ನಕ್ಷತ್ರಕ್ಕೆ ಬರೋಣ. ಐದು ಮಣಿ ಪೋಣಿಸಿ ಉಂಗುರ ಕಟ್ಟಿ, ಅದರೊಳಗೆ ಸೂಜಿಯನ್ನು ಇನ್ನೊಂದು ಸುತ್ತು ಹಾಯಿಸಬೇಕು. ಎರಡನೇ ಸಾಲಿಗೆ ಉಂಗುರದ ಒಂದು ಮಣಿಯಿಂದ ಹೊರಟು, ಮೂರು ಮಣಿ ಎತ್ತಿ, ಪಕ್ಕದ ಮಣಿಯೊಳಗೆ ಇಳಿಯುವುದು. ಐದು ಸಲ ಮಾಡಿದರೆ ಐದು ಸಣ್ಣ ಮೊನೆ, ಹದಿನೈದು ಮಣಿ. ಸೂಜಿಯನ್ನು ಮೊದಲ ಮೊನೆಯ ನಡುಮಣಿಗೆ ಏರಿಸಿಕೊಂಡು ಮೂರನೇ ಸಾಲು: ಐದು ಮಣಿ ಎತ್ತಿ ಮುಂದಿನ ಮೊನೆಯ ನಡುಮಣಿಗೆ. ಇನ್ನಿಪ್ಪತ್ತೈದು. ಒಟ್ಟು ನಲವತ್ತೈದು ಮಣಿ. ಈಗ ಲೆಕ್ಕ ಹಾಕಿ: ಮಧ್ಯದ ಐದು ಮಣಿಯೊಳಗೆ ದಾರ ಮೂರು ಸಲ ಹಾದಾಯಿತು, ಕೊನೆಗೆ ಬಾಲ ಅಡಗಿಸಲು ನಾಲ್ಕನೇ ಸಲ. ಉಂಗುರಕ್ಕೆ ಬಿಗಿ ತೂತಿನ ಒಂದೇ ಒಂದು ಮಣಿ ಸೇರಿದ್ದರೆ ಅದು ಮೊದಲ ಸುತ್ತಿನಲ್ಲಿ ಬಾಯಿ ಬಿಡುವುದಿಲ್ಲ, ಎರಡನೇ ಸುತ್ತಿನಲ್ಲೂ ಇಲ್ಲ. ನಲವತ್ತೈದೂ ಕೂತ ಮೇಲೆ, ಬಾಲ ಅಡಗಿಸುವ ಹೊತ್ತಿಗೆ ಸೂಜಿಯನ್ನು ಹಿಡಿದು ನಿಲ್ಲಿಸುತ್ತದೆ. ಆಗ ಇಕ್ಕಳ ತಂದು ಸೂಜಿ ಎಳೆದರೆ ಮಣಿ ಸಿಡಿಯುತ್ತದೆ. ಸಿಡಿದ ಗಾಜಿನ ಅಂಚು ದಾರ ಕತ್ತರಿಸುತ್ತದೆ, ನಕ್ಷತ್ರ ಧೂಮಕೇತುವಾಗುತ್ತದೆ.

ಸರದ ನಡುವೆ ಒಂದು ಮಣಿ ಹೆಚ್ಚಾಗಿದ್ದರೆ ಬಿಚ್ಚದೆ ತೆಗೆಯುವ ದಾರಿ ಇದೆ. ಆ ಮಣಿಯೊಳಗೆ ದಾರದ ಜೊತೆಗೇ ಒಂದು ಗಟ್ಟಿ ಸೂಜಿ ತೂರಿಸಿ, ಬಟ್ಟೆ ಮುಚ್ಚಿ, ಕಣ್ಣಿಗೆ ಕನ್ನಡಕ ಹಾಕಿ, ಇಕ್ಕಳದಿಂದ ತೂತಿನ ಎರಡು ಬಾಯಿಗಳ ಕಡೆಯಿಂದ ಅಂಚನ್ನು ಹಿಡಿದು ಒತ್ತಿದರೆ ಗಾಜು ಹೊರಕ್ಕೆ ಒಡೆಯುತ್ತದೆ. ಒಳಗಿರುವ ಸೂಜಿ ದಾರವನ್ನು ಕಾಯುತ್ತದೆ. ಕಡಿಮೆಯಾಗಿದ್ದರೆ ಮಾತ್ರ ದೇವರೇ ಗತಿ.

ದಾರಕ್ಕೆ ಕಾರವಾರದಲ್ಲಿ ಎಲ್ಲರಿಗೂ ಮೊದಲು ನೆನಪಾಗುವುದು ಬಲೆಯ ಅಂಗಡಿಯ ತಂಗೂಸಿ, ಅಂದರೆ ಮೀನು ಹಿಡಿಯುವ ಒಂಟಿ ಎಳೆಯ ನೈಲಾನ್ ದಾರ. ಅಗ್ಗ, ಸೂಜಿಯೇ ಬೇಡ, ಬಂಗಡೆಯನ್ನು ಹಿಡಿದದ್ದು ಮಣಿಯನ್ನು ಬಿಟ್ಟೀತೇ ಎಂಬ ಧೈರ್ಯ ಬೇರೆ. ನಕ್ಷತ್ರ ತೂಗಿಬಿಡಲು 0.25 ಮಿ.ಮೀ.ನದ್ದು ಅಡ್ಡಿಯಿಲ್ಲ. ಕೊರಳ ಸರಕ್ಕೆ ಹಾಕಿದರೆ ಉರುಳೆಯಲ್ಲಿ ಸುತ್ತಿಕೊಂಡಿದ್ದ ಬಳುಕು ಹೋಗುವುದಿಲ್ಲ, ನುಣುಪಾದ್ದರಿಂದ ಗಂಟು ಜಾರುತ್ತದೆ, ಬಿಸಿಲು ತಿಂದರೆ ಪೆಡಸಾಗಿ ತುಂಡಾಗುತ್ತದೆ. ಹೆಣೆದ ನೈಲಾನ್ ದಾರಕ್ಕೆ ಜೇನುಮೇಣ ಸವರಿ ಹಾಕಿದರೆ ಸಿಕ್ಕಾಗುವುದಿಲ್ಲ. ಶಿರಸಿ ಕಡೆ ಜೇನು ಸಾಕುವವರ ಮನೆಯಲ್ಲಿ ಒಳ್ಳೆ ಮೇಣ ಸಿಗುತ್ತದೆ. ಹಾಗಂತ ಧಾರಾಳವಾಗಿ ಉಜ್ಜಿದರೆ ಅದೇ ಮೇಣ ತೂತಿನ ಬಾಯಲ್ಲಿ ಕಟ್ಟಿಕೊಳ್ಳುತ್ತದೆ. ಇದ್ದ ತೂತನ್ನು ನಾವೇ ಮುಚ್ಚಿಕೊಂಡ ಹಾಗಾಯಿತು.

ಬೆಳ್ಳಿ ಹೊಳಪಿನ ಮಣಿಯಲ್ಲೂ ಗುಟ್ಟೆಲ್ಲ ತೂತಿನದೇ. ಮೇಲಿನ ಗಾಜು ಪಾರದರ್ಶಕ, ಬೆಳ್ಳಿಯ ಲೇಪ ಇರುವುದು ತೂತಿನ ಒಳಮೈಗೆ. ಸಮುದ್ರದ ಗಾಳಿಗೂ ಬೆವರಿಗೂ ಅದು ಒಳಗಿಂದ ಕಪ್ಪಾಗುತ್ತ ಬಂದರೆ ಹೊರಗೆ ಎಷ್ಟು ಒರೆಸಿದರೂ ಕನ್ನಡಿಯ ಹಿಂದಿನ ಕಲೆ ಒರೆಸಿದಷ್ಟೇ ಪ್ರಯೋಜನ. ಗಟ್ಟಿ ಮುಚ್ಚಳದ ಡಬ್ಬಿ, ಒಳಗೊಂದು ಸಿಲಿಕಾ ಜೆಲ್ ಪೊಟ್ಟಣ, ಇಷ್ಟೇ ಮದ್ದು. ಕಿವಿಯೋಲೆಯ ಹುಕ್ಕಿಗೆ ಹಿತ್ತಾಳೆ ಕಿಲುಬು ಹಿಡಿಯುತ್ತದೆ, ಕಬ್ಬಿಣದ ಮೇಲಿನ ಲೇಪ ಎರಡೇ ಮಳೆಗಾಲಕ್ಕೆ ಎದ್ದು ತುಕ್ಕು ಕಾಣಿಸುತ್ತದೆ. ನಿಕಲ್ ಆಗದ ಕಿವಿಗಳೂ ಇವೆ. ಸ್ಟೇನ್‌ಲೆಸ್ ಸ್ಟೀಲ್ ತುಸು ದುಬಾರಿ, ಆದರೆ ಜನವರಿಯಲ್ಲಿ ಜಗಳ ಬರುವುದಿಲ್ಲ. ಹುಕ್ಕನ್ನು ಓಲೆಗೆ ಜೋಡಿಸುವ ಸಣ್ಣ ಬಳೆಕೊಂಡಿ ತೆರೆಯುವಾಗ ಬಾಯಿ ಅಗಲಿಸದೆ, ಒಂದು ತುದಿಯನ್ನು ಮುಂದಕ್ಕೆ, ಇನ್ನೊಂದನ್ನು ಹಿಂದಕ್ಕೆ ತಿರುಚಬೇಕು. ಅಗಲಿಸಿದ್ದು ಮತ್ತೆ ಉರುಟಾಗುವುದಿಲ್ಲ. ಎಲಾಸ್ಟಿಕ್ ಕೈಸರಕ್ಕೆ 8 ಮಿ.ಮೀ. ಮಣಿ ಇಪ್ಪತ್ತೆರಡು ಸಾಕು, ಆದರೆ ಪೋಣಿಸುವ ಮೊದಲೇ ದಾರವನ್ನು ಎರಡು ಮೂರು ಸಲ ಜಗ್ಗಿಡಬೇಕು. ಇಲ್ಲವಾದರೆ ಜಗ್ಗುವ ಕೆಲಸವನ್ನು ಹಾಕಿಕೊಂಡವರು ಮಾಡುತ್ತಾರೆ, ಹಬ್ಬದ ಮಾರನೇ ದಿನ ಸರ ಮೊಣಕೈಗೆ ಹೋಗುತ್ತದೆ. ಗಂಟಿಗೆ ಫೆವಿಕ್ವಿಕ್ ಹಾಕುವವರ ಜೊತೆ ನನಗೆ ಮಾತಿಲ್ಲ. ಒಣಗಿದಲ್ಲಿ ದಾರ ಕಡ್ಡಿಯಾಗಿ ಅಲ್ಲೇ ಮುರಿಯುತ್ತದೆ, ನಮ್ಮ ಕರಾವಳಿಯ ತೇವಕ್ಕೆ ಅಕ್ಕಪಕ್ಕದ ಮಣಿಯ ಮೇಲೆಲ್ಲ ಬಿಳಿ ಬೂಷ್ಟಿನಂಥ ಮಬ್ಬು ಕೂರುತ್ತದೆ.

ಕಡಿಮೆ ಬಿದ್ದಿರುವ ಬಣ್ಣದ ವಿಷಯ ಹೇಳುತ್ತೇನೆಂದಿದ್ದೆ. ಅಷ್ಟರಲ್ಲಿ ಕ್ರಿಸ್‌ಮಸ್ ಉಡುಗೊರೆಗೆ ರೋಸರಿ ಜಪಸರ ಬೇಕೆಂದು ಬರುವವರ ಸಂಗತಿ ಒಂದಿದೆ, ಅದು ತುರ್ತಿನದು, ಯಾಕೆಂದರೆ ಅವರು ಬರುವುದೇ ಇಪ್ಪತ್ತೆರಡನೇ ತಾರೀಕಿಗೆ. ರೋಸರಿಗೆ ಐವತ್ತೊಂಬತ್ತು ಮಣಿ: ಹತ್ತರ ಗುಂಪು ಐದು, ಶಿಲುಬೆಯ ಬಾಲದಲ್ಲಿ ಮೂರು, ಪರಲೋಕದ ತಂದೆಯ ಪ್ರಾರ್ಥನೆಗೆಂದು ದೊಡ್ಡವು ಆರು. 11ನೇ ನಂಬರಿನ ಮಣಿಯಲ್ಲಿ ನಾಜೂಕಾಗಿ ಮಾಡಿಕೊಡಿ ಎನ್ನುತ್ತಾರೆ. ಬೆರಳಿಗೆ ಸಿಗದ ಮಣಿಯನ್ನು ಕಣ್ಣು ಮುಚ್ಚಿ ಎಣಿಸುವುದು ಹೇಗೆ? ಕನಿಷ್ಠ 6 ಮಿ.ಮೀ. ಇರಬೇಕು. ಗುಂಪಿನ ಮಣಿಗಳು ಒತ್ತಿ ಕೂರದೆ ಬೆರಳು ಒಂದನ್ನು ಸರಿಸುವಷ್ಟು ದಾರ ಸಡಿಲ ಇರಬೇಕು. ಗುಂಪು ಮುಗಿದಲ್ಲಿ ದೊಡ್ಡ ಮಣಿಯ ಎರಡೂ ಬದಿಗೆ ಗಂಟು ಹಾಕಿ, ಗಂಟು ಮಣಿಯ ತೂತಿಗಿಂತ ದಪ್ಪವಾಗಿದೆಯೇ ನೋಡಬೇಕು. ಇಲ್ಲವಾದರೆ ಗಂಟೇ ಒಳಗೆ ನುಸುಳಿ ಒಂದು ಗುಂಪಿನ ಮಣಿ ಇನ್ನೊಂದಕ್ಕೆ ಕಾಲಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಗಂಟು ಬಿಗಿಯುವ ಮೊದಲು ಪ್ರತಿ ಗುಂಪನ್ನೂ ಬಾಯಿಬಿಟ್ಟು ಎಣಿಸಬೇಕು. ಒಂಬತ್ತೇ ಮಣಿ ಬಿದ್ದಿದ್ದರೆ ಕೊಂಡವರಿಗೆ ಗೊತ್ತಾಗುವುದಿಲ್ಲ, ಕೊಟ್ಟವರಿಗೂ ಗೊತ್ತಾಗುವುದಿಲ್ಲ. ಉಡುಗೊರೆ ಪಡೆದ ಅಜ್ಜಿಗೆ ಮೊದಲ ಸಂಜೆಯೇ ಗೊತ್ತಾಗುತ್ತದೆ, ಮತ್ತು ಭಾನುವಾರ ಪೂಜೆ ಮುಗಿದು ಇಗರ್ಜಿಯ ಮೆಟ್ಟಿಲಿಳಿಯುವಾಗ ಆಕೆ ಅದನ್ನು ಮೆಲುದನಿಯಲ್ಲಂತೂ ಹೇಳುವುದಿಲ್ಲ.