ಫೈಲ್ ಹೋದರೆ ತಪ್ಪು ಯಾವಾಗಲೂ ವಿದ್ಯಾರ್ಥಿಯದ್ದೇ ಯಾಕೆ?

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಫೈಲ್ ಹಾಳಾದರೆ ತಪ್ಪು ಯಾವಾಗಲೂ ಅದನ್ನು ಕಳೆದುಕೊಂಡವರದ್ದೇ. ಪಿಎಚ್‌ಡಿ ಮಾಡುವ ಹುಡುಗಿ ಬಂದು "ಸರ್, ಲ್ಯಾಪ್‌ಟಾಪ್ ಕೆಟ್ಟು ಮೂರು ಅಧ್ಯಾಯ ಹೋಯ್ತು" ಅಂದರೆ ಗೈಡ್ ಮೊದಲು ಕೇಳುವುದು "ಬ್ಯಾಕಪ್ ಇಟ್ಕೋಬೇಕು ಅಂತ ಗೊತ್ತಾಗಲ್ವೇನಮ್ಮ?" ಎಂದು. ಎಲ್ಲಿ ಇಟ್ಟುಕೊಳ್ಳಬೇಕಿತ್ತು ಅಂತ ಮಾತ್ರ ಯಾರೂ ಹೇಳುವುದಿಲ್ಲ. ಹಾಸ್ಟೆಲ್ ರೂಮು ಕೊಟ್ಟಿದ್ದಾರೆ, ಲೈಬ್ರರಿ ಕಾರ್ಡು ಕೊಟ್ಟಿದ್ದಾರೆ. ಐದು ವರ್ಷದ ಕೆಲಸ ಇಡೋಕೆ ಒಂದು ಭದ್ರವಾದ ಜಾಗ ಮಾತ್ರ ಕೊಟ್ಟಿಲ್ಲ. ಸಂಶೋಧನೆ ಮುಗಿದ ಮೇಲೆ ಹೆಸರು ವಿಶ್ವವಿದ್ಯಾಲಯಕ್ಕೂ ಬರುತ್ತದೆ ಅಲ್ವಾ? ಹಾಗಿದ್ದ ಮೇಲೆ ಅದನ್ನು ಕಾಯುವ ಹೊಣೆಯೂ ಅದರದ್ದೇ ಎಂದು ನನ್ನ ವಾದ.

ವಿದ್ಯಾರ್ಥಿ ಹುಷಾರಾಗಿದ್ದರೆ ಸಾಕು ಎನ್ನುವವರು ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಲ್ಲಿ ಏನಾಯಿತು ನೋಡಬೇಕು. 2021ರ ಡಿಸೆಂಬರ್ ಮಧ್ಯದಲ್ಲಿ ಅಲ್ಲಿನ ಸೂಪರ್‌ಕಂಪ್ಯೂಟರ್‌ನಿಂದ ಸುಮಾರು 77 ಟೆರಾಬೈಟ್ (ಒಂದು ಟೆರಾಬೈಟ್ ಅಂದರೆ ಸಾವಿರ ಜಿಬಿ) ಡೇಟಾ ಅಳಿಸಿಹೋಯಿತು. ಲೆಕ್ಕದಲ್ಲಿ 3.4 ಕೋಟಿ ಫೈಲುಗಳು, 14 ಸಂಶೋಧನಾ ಗುಂಪುಗಳದ್ದು. ಅಳಿಸಿದ್ದು ಯಾವ ಹ್ಯಾಕರೂ ಅಲ್ಲ, ಬ್ಯಾಕಪ್ ಮಾಡುವ ಪ್ರೋಗ್ರಾಮೇ! ಹತ್ತು ದಿನಕ್ಕಿಂತ ಹಳೆಯ ಲಾಗ್ ಫೈಲುಗಳನ್ನು, ಅಂದರೆ ಯಂತ್ರ ತನ್ನ ಕೆಲಸದ ಬಗ್ಗೆ ಬರೆದಿಡುವ ದಾಖಲೆಗಳನ್ನು, ಮಾತ್ರ ಅದು ಅಳಿಸಬೇಕಿತ್ತು. ಯಂತ್ರ ಪೂರೈಸಿದ ಕಂಪನಿಯವರು ಆ ಪ್ರೋಗ್ರಾಮಿನ ಸ್ಕ್ರಿಪ್ಟನ್ನು, ಅಂದರೆ ಆದೇಶಗಳ ಪಟ್ಟಿಯನ್ನು, ತಿದ್ದಿ ಹೊಸದನ್ನು ಹಾಕಿದರು. ಆದರೆ ಹಳೆಯದು ಆಗ ಇನ್ನೂ ಓಡುತ್ತಿತ್ತು. ಸ್ಕ್ರಿಪ್ಟನ್ನು ನಡೆಸುವ ಬ್ಯಾಷ್ ಎಂಬ ತಂತ್ರಾಂಶ ಇಡೀ ಸ್ಕ್ರಿಪ್ಟನ್ನು ಒಂದೇ ಸಲ ಓದಿಕೊಳ್ಳುವುದಿಲ್ಲ, ಓಡುತ್ತಾ ಓಡುತ್ತಾ ಮುಂದಿನ ಸಾಲು ಓದುತ್ತದೆ. ಹೀಗಾಗಿ ಅರ್ಧ ಹಳೆಯದು, ಅರ್ಧ ಹೊಸದು ಸೇರಿಕೊಂಡು, ಯಾವ ಫೋಲ್ಡರ್ ಎಂದು ಹೇಳಬೇಕಾದ ಜಾಗ ಖಾಲಿ ಉಳಿಯಿತು. ಲಾಗ್ ಫೈಲಿನ ಬದಲು ಸಂಶೋಧಕರ ಹಳೆಯ ಫೈಲುಗಳೆಲ್ಲ ಹೋದವು. ನಾಲ್ಕು ಗುಂಪಿನವರಿಗೆ ಅವು ಮತ್ತೆ ಸಿಗಲೇ ಇಲ್ಲ. ಕಂಪನಿ ತಪ್ಪು ಪೂರ್ತಿ ತನ್ನದೇ ಎಂದು ಒಪ್ಪಿಕೊಂಡಿತು, ಅದು ದೊಡ್ಡದು. ಆದರೆ ಅಲ್ಲಿ ಓದುತ್ತಿದ್ದ ಹುಡುಗರು ಇನ್ನೇನು ಹುಷಾರು ಮಾಡಬೇಕಿತ್ತು ಹೇಳಿ?

ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಕಥೆ ಬೇರೆ ರೀತಿಯದು. 2019ರ ಅಕ್ಟೋಬರ್‌ನಲ್ಲಿ ಯಾರೋ ಒಬ್ಬರು ಮೇಲ್‌ನಲ್ಲಿ ಬಂದ ಲಿಂಕ್ ಒತ್ತಿದರು. ಕಳ್ಳರು ಎರಡು ತಿಂಗಳು ಸದ್ದಿಲ್ಲದೆ ಒಳಗೇ ಓಡಾಡಿಕೊಂಡಿದ್ದು, ಕ್ರಿಸ್‌ಮಸ್ ರಜೆ ಶುರುವಾಗುವ ಹೊತ್ತಿಗೆ ಸರಿಯಾಗಿ 267 ಸರ್ವರ್‌ಗಳಿಗೆ ಬೀಗ ಹಾಕಿದರು. ಬ್ಯಾಕಪ್ ಇತ್ತು. ಆದರೆ ಅದರಲ್ಲಿ ಒಂದಷ್ಟು ಅದೇ ನೆಟ್‌ವರ್ಕಿಗೆ ಸೇರಿಕೊಂಡಿತ್ತು, ಅದಕ್ಕೂ ಬೀಗ ಬಿತ್ತು. ಕೊನೆಗೆ 30 ಬಿಟ್‌ಕಾಯಿನ್, ಅಂದರೆ ಆಗಿನ ಬೆಲೆಯಲ್ಲಿ ಸುಮಾರು ಎರಡು ಲಕ್ಷ ಯೂರೋ ಕೊಟ್ಟು ಬಿಡಿಸಿಕೊಂಡರು. (ಆ ಬಿಟ್‌ಕಾಯಿನ್‌ನ ಒಂದು ಪಾಲನ್ನು ಪೊಲೀಸರು ಹಿಡಿದರು. 2022ರಲ್ಲಿ ವಾಪಸ್ ಕೊಡುವ ಹೊತ್ತಿಗೆ ಅದರ ಬೆಲೆ ಏರಿ ಐದು ಲಕ್ಷ ಯೂರೋ ಆಗಿತ್ತು. ಕಳ್ಳರಿಗೆ ಕೊಟ್ಟಿದ್ದಕ್ಕಿಂತ ಹೆಚ್ಚು ವಾಪಸ್ ಪಡೆದ ವಿಶ್ವವಿದ್ಯಾಲಯ ಇದೊಂದೇ ಇರಬೇಕು.)

ಇವೆರಡೂ ದುಡ್ಡಿರುವ ಜಾಗಗಳು. ನಮ್ಮ ಕಡೆ ಬನ್ನಿ.

ಯಾವುದೇ ಕಾಲೇಜಿಗೆ ಹೋಗಿ "ನ್ಯಾಕ್ ದಾಖಲೆ ಎಲ್ಲಿದೆ?" ಎಂದು ಕೇಳಿ ನೋಡಿ (ನ್ಯಾಕ್ ಅಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ಸಂಸ್ಥೆ). ಐದು ವರ್ಷದ ಫಲಿತಾಂಶ, ಕಾರ್ಯಕ್ರಮದ ಫೋಟೊ, ವರದಿ, ಎಲ್ಲವೂ ಒಬ್ಬ ಮೇಷ್ಟ್ರ ಸ್ವಂತ ಜಿಮೇಲ್ ಡ್ರೈವ್‌ನಲ್ಲಿ ಇರುವುದೇ ಹೆಚ್ಚು. ಅವರಿಗೆ ವರ್ಗಾವಣೆ ಆದರೆ ಮುಗಿಯಿತು. ಒಳ್ಳೆಯವರಾದರೆ ಫೋನ್ ಮಾಡಿದಾಗ ಲಿಂಕ್ ಕಳಿಸುತ್ತಾರೆ. ಇಂಟರ್ನಲ್ ಮಾರ್ಕ್ಸ್ ಲೆಕ್ಕ ಅತಿಥಿ ಉಪನ್ಯಾಸಕರ ಲ್ಯಾಪ್‌ಟಾಪಿನಲ್ಲಿರುತ್ತದೆ. ಮುಂದಿನ ವರ್ಷ ಅವರು ಇರುತ್ತಾರೋ ಇಲ್ಲವೋ ಅವರಿಗೇ ಗೊತ್ತಿರುವುದಿಲ್ಲ. ಸಂಬಳವನ್ನೂ ಸರಿಯಾಗಿ ಕೊಡದೆ ನಮ್ಮ ದಾಖಲೆ ಕಾಯಿರಿ ಎಂದು ಅವರಿಗೆ ಯಾವ ಬಾಯಲ್ಲಿ ಹೇಳುವುದು?

ಗೂಗಲ್ ಇದೆಯಲ್ಲ ಎನ್ನುವವರು ಬಹಳ. ಹಿಂದೆ ಶಿಕ್ಷಣ ಸಂಸ್ಥೆಗಳಿಗೆ ಗೂಗಲ್ ಅಳತೆಯೇ ಇಲ್ಲದ ಜಾಗ ಕೊಡುತ್ತಿತ್ತು. ಆ ನಿಯಮ ಬದಲಾಗುತ್ತದೆ ಎಂದು 2021ರಲ್ಲಿ ಹೇಳಿ, 2022ರಲ್ಲಿ ಜಾರಿಗೆ ತಂದರು. ಉಚಿತವಾಗಿ ಇಡೀ ಸಂಸ್ಥೆಗೆ ಒಟ್ಟು 100 ಟೆರಾಬೈಟ್ ಎಂದಾಯಿತು. ದೊಡ್ಡ ಸಂಖ್ಯೆ ಅನಿಸುತ್ತದೆ. ಇಪ್ಪತ್ತು ಸಾವಿರ ವಿದ್ಯಾರ್ಥಿಗಳಿರುವ ಕಡೆ ಹಂಚಿದರೆ ತಲೆಗೆ ಐದು ಜಿಬಿ. ಒಂದು ಕ್ಷೇತ್ರಕಾರ್ಯದ ವಿಡಿಯೊ ಕೂಡ ಅದರಲ್ಲಿ ಹಿಡಿಸುವುದಿಲ್ಲ. ಮೇಲಾಗಿ ಡ್ರೈವ್‌ಗೆ ಸಿಂಕ್ ಮಾಡಿಟ್ಟಿದ್ದನ್ನು ಬ್ಯಾಕಪ್ ಅಂತ ತಿಳಿದವರೇ ಜಾಸ್ತಿ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಇಲ್ಲ. ಬೇಸಿಗೆ ರಜೆ ಅದಕ್ಕಿಂತ ಉದ್ದ.

ನನಗೆ ಇದಕ್ಕಿಂತ ಹೆಚ್ಚು ಸಂಕಟವಾಗುವುದು ಕನ್ನಡದ ಫೈಲುಗಳ ವಿಷಯದಲ್ಲಿ. ಕಂಪ್ಯೂಟರ್ ವಿಭಾಗದವರು ಬ್ಯಾಕಪ್ ಬಗ್ಗೆ ಮಾತಾಡುವಾಗ ಈ ಮಾತು ಬರುವುದೇ ಇಲ್ಲ. ಕನ್ನಡದಲ್ಲಿ ಪ್ರಬಂಧ ಬರೆದ ಎಷ್ಟೋ ಜನ ಕೈಬರಹದ ಪ್ರತಿಯನ್ನು ವಿಶ್ವವಿದ್ಯಾಲಯದ ಗೇಟಿನ ಎದುರಿನ ಡಿಟಿಪಿ ಅಂಗಡಿಗೆ ಕೊಟ್ಟು ಟೈಪ್ ಮಾಡಿಸಿದವರು. ಅಲ್ಲಿ ಟೈಪ್ ಆಗಿದ್ದು ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳಲ್ಲಿ ಯಾವುದೋ ಒಂದರಲ್ಲಿ. ಪುಟ ಕಟ್ಟಿದ್ದು ಪೇಜ್‌ಮೇಕರ್‌ನಲ್ಲಿ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ ಬಂದಿದ್ದು 2001ರಲ್ಲಿ. ನುಡಿಯ ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರಗಳು ಕೂತಿರುವುದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ತಲೆ ಮೇಲೆ ಟೋಪಿ, ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಂತೆ. ಫೈಲ್ ಪೂರ್ತಿ ಕ್ಷೇಮವಾಗಿರುತ್ತದೆ, ಒಂದು ಬೈಟ್ ಕೂಡ ಹೋಗಿರುವುದಿಲ್ಲ, ಓದೋಕೆ ಮಾತ್ರ ಆಗುವುದಿಲ್ಲ.

ಇವನ್ನು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳೂ ಒಪ್ಪುವ ಅಕ್ಷರ ಸಂಕೇತಕ್ಕೆ, ಬದಲಾಯಿಸುವ ಕನ್ವರ್ಟರ್‌ಗಳಿವೆ. ಕೆಲಸವನ್ನೂ ಚೆನ್ನಾಗಿಯೇ ಮಾಡುತ್ತವೆ. ಆದರೆ ನಡುವೆ ಇಂಗ್ಲಿಷ್ ಪದ ಬಂದರೆ ಅದನ್ನೂ ಕನ್ನಡ ಎಂದೇ ತಿಳಿದು ಅರ್ಥವಿಲ್ಲದ ಅಕ್ಷರ ಮಾಡಿಬಿಡುತ್ತವೆ. ಅಡಿಟಿಪ್ಪಣಿ ತುಂಬ ಇಂಗ್ಲಿಷ್ ಪುಸ್ತಕಗಳ ಹೆಸರಿದ್ದರೆ ಕೂತು ಒಂದೊಂದೇ ಸಾಲು ತಿದ್ದಬೇಕು. ಇದು ಮನುಷ್ಯರ ಕೆಲಸ, ದುಡ್ಡು ಕೊಟ್ಟು ಮಾಡಿಸಬೇಕಾದ ಕೆಲಸ. ಕನ್ನಡ ಅಕ್ಷರಗಳು 1991ರ ಮೊದಲ ಯೂನಿಕೋಡ್‌ನಲ್ಲೇ ಇದ್ದವು. ಆಮೇಲೂ ವರ್ಷಗಟ್ಟಲೆ ನಾವು ಹಳೆಯ ಫಾಂಟುಗಳಲ್ಲೇ ಟೈಪ್ ಮಾಡಿಸಿದ್ದೇವೆ. ಆ ರಾಶಿಯನ್ನು ಬದಲಾಯಿಸಿ ಇಡುವುದು ಒಬ್ಬ ವಿದ್ಯಾರ್ಥಿಯ ಕೈಲಿ ಆಗುವಂಥದ್ದೇ?

ಪಿಎಚ್‌ಡಿ ಪ್ರಬಂಧಗಳನ್ನು ಆನ್‌ಲೈನ್‌ನಲ್ಲಿ ಇಡುವ ಶೋಧಗಂಗಾ ಇದೆ, ನಿಜ. ಪಿಎಚ್‌ಡಿ ಪ್ರಬಂಧದ ವಿದ್ಯುನ್ಮಾನ ಪ್ರತಿ ಕೊಡಬೇಕು ಎಂದು ಯುಜಿಸಿ 2009ರಲ್ಲಿ ನಿಯಮ ಮಾಡಿದ ಮೇಲೆ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಕೇಂದ್ರ ಅದನ್ನು ನಡೆಸುತ್ತಿದೆ. ಬಹಳ ಒಳ್ಳೆಯ ಕೆಲಸ. ಆದರೆ ಅಲ್ಲಿಗೆ ಹೋಗುವುದು ಪ್ರಬಂಧದ ಪಿಡಿಎಫ್. ಅದರ ಹಿಂದಿನ ಸಂದರ್ಶನ, ಧ್ವನಿಮುದ್ರಣ, ಪ್ರಶ್ನಾವಳಿ, ಪ್ರಯೋಗದ ಅಂಕಿಗಳು ಬರೆದವರ ಮನೆಯಲ್ಲೇ ಉಳಿಯುತ್ತವೆ. ಯೋಚನೆ ಮಾಡಿದರೆ ಪ್ರಬಂಧವನ್ನು ಅತ್ತುಕೊಂಡಾದರೂ ಮತ್ತೆ ಬರೆಯಬಹುದು. ಹತ್ತು ವರ್ಷದ ಹಿಂದೆ ಸೋಬಾನೆ ಪದ ಹಾಡಿದ ಅಜ್ಜಿ ಈಗ ಇಲ್ಲದಿದ್ದರೆ ಆ ರೆಕಾರ್ಡಿಂಗನ್ನು ಯಾರಿಂದ ಮಾಡಿಸುವುದು? ಏನನ್ನು ಮೊದಲು ಕಾಯಬೇಕು ಎಂದು ಕೇಳಿದರೆ ನಾನು ಇದನ್ನೇ ಹೇಳುತ್ತೇನೆ. ಮತ್ತೆ ಮಾಡಲಾಗದ್ದು ಮೊದಲು. ಉಳಿದದ್ದು ಆಮೇಲೆ.

ಹೇಗೆ ಕಾಯಬೇಕು ಎಂಬುದೇನೂ ಗುಟ್ಟಲ್ಲ. ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಬೇರೆ ಊರಲ್ಲಿ. ಮಾಸ್ಟ್ರಿಕ್ಟ್ ನೋಡಿದ ಮೇಲೆ ನಾನು ಇನ್ನೊಂದು ಸೇರಿಸುತ್ತೇನೆ: ಒಂದು ಪ್ರತಿಯಾದರೂ ಯಾವ ನೆಟ್‌ವರ್ಕಿಗೂ ಅಂಟಿಕೊಂಡಿರಬಾರದು. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ್ದನ್ನು ಕನ್ನಡ ವಿಭಾಗದಲ್ಲಿ ಪ್ರತಿ ವರ್ಷ ಪಾಠ ಮಾಡುತ್ತೇವೆ. ಅದೇ ವಿಭಾಗದ ಕ್ಷೇತ್ರಕಾರ್ಯದ ರೆಕಾರ್ಡಿಂಗ್‌ಗಳು ಗಾಡ್ರೆಜ್ ಬೀರುವಿನಲ್ಲಿರುವ ಒಂದೇ ಹಾರ್ಡ್‌ಡಿಸ್ಕಿನಲ್ಲಿರುತ್ತವೆ. ಬೀರುವಿನ ಕೀಲಿ ಯಾರ ಹತ್ತಿರ ಇದೆ ಎಂದು ಎಲ್ಲರಿಗೂ ಗೊತ್ತು, ಡಿಸ್ಕ್ ಇನ್ನೂ ಓಡುತ್ತದೆಯೇ ಎಂದು ಯಾರಿಗೂ ಗೊತ್ತಿಲ್ಲ.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರಬಂಧ ಸಲ್ಲಿಸುವ ಮುಂಚೆ ವಿದ್ಯಾರ್ಥಿ ನೋ ಡ್ಯೂಸ್ ಫಾರ್ಮ್ ಹಿಡಿದು ಲೈಬ್ರರಿ, ಹಾಸ್ಟೆಲ್, ಲ್ಯಾಬ್ ಎಂದು ಸಹಿಗೆ ಸುತ್ತುತ್ತಾನಲ್ಲ, ಅದರಲ್ಲಿ ಒಂದು ಸಾಲು ಜಾಸ್ತಿ ಮಾಡಿ. "ಮೂಲ ಡೇಟಾ ಕೊಟ್ಟಿದ್ದಾರೆ, ತೆರೆದು ನೋಡಲಾಗಿದೆ." ಸಹಿ ಲೈಬ್ರರಿಯನ್‌ರದ್ದು. ತೆರೆದು ನೋಡುವುದು ಮುಖ್ಯ, ಯಾಕೆಂದರೆ ಬರೀ ಸಿಡಿ ತೆಗೆದುಕೊಂಡು ಕಪಾಟಿಗೆ ಹಾಕುವುದನ್ನು ಈಗಲೂ ಮಾಡುತ್ತೇವೆ. ಸಿಡಿ ಹಾಕುವ ಲ್ಯಾಪ್‌ಟಾಪನ್ನೇ ಈಗ ಯಾರೂ ತರುವುದಿಲ್ಲ. ಸಂದರ್ಶನ ಕೊಟ್ಟವರ ಗುಟ್ಟು ಕಾಯಬೇಕಾದ ಫೈಲುಗಳಿದ್ದರೆ ಬೀಗ ಹಾಕಿಯೇ ಇಡಿ, ತೆರೆಯುವವರು ಯಾರು ಎಂದು ಬರೆದಿಡಿ. ಇಡಲು ಒಂದು ಸ್ಟೋರೇಜ್ ಪೆಟ್ಟಿಗೆ ಇಲ್ಲಿ, ಇನ್ನೊಂದು ಬೇರೆ ಊರಿನ ಸ್ನಾತಕೋತ್ತರ ಕೇಂದ್ರದಲ್ಲಿ. ಅತಿಥಿ ಗೃಹಕ್ಕೆ ಬಣ್ಣ ಹೊಡೆಸುವ ವಿಶ್ವವಿದ್ಯಾಲಯಕ್ಕೆ ಇದು ಹೊರೆಯಾಗದು.

ಗೈಡ್‌ಗಳಿಂದ ವಿರೋಧ ಬರುತ್ತದೆ, ಗೊತ್ತು. "ನನ್ನ ಡೇಟಾ ಬೇರೆಯವರ ಕೈಗೆ ಯಾಕೆ?" ಅಂತಾರೆ. ಐದು ವರ್ಷ ತೆರೆಯಬಾರದು ಎಂದು ಷರತ್ತು ಹಾಕಿ ಕೊಡಲಿ, ತೊಂದರೆ ಇಲ್ಲ.

ಇನ್ನು ನಿಮ್ಮ ವಿಭಾಗದಲ್ಲಿ ಯಾರಾದರೂ ಹಳೆಯ ನುಡಿ, ಪೇಜ್‌ಮೇಕರ್ ಫೈಲುಗಳನ್ನು ರಾಶಿಗಟ್ಟಲೆ ಯೂನಿಕೋಡ್‌ಗೆ ತಂದಿದ್ದರೆ ದಯವಿಟ್ಟು ಇಲ್ಲಿ ಬರೆಯಿರಿ. ಯಾವ ಕನ್ವರ್ಟರ್ ಬಳಸಿದಿರಿ, ತಿದ್ದಲು ಎಷ್ಟು ಜನ ಬೇಕಾಯಿತು, ಯಾರು ದುಡ್ಡು ಕೊಟ್ಟರು ಎಂದು ತಿಳಿದರೆ ನಮ್ಮ ಕಡೆಯೂ ಒಂದು ಪ್ರಸ್ತಾವ ಬರೆದು ಕಳಿಸಲು ಅನುಕೂಲವಾಗುತ್ತದೆ.