ಕೆಟಗರಿ ಪುಟದಲ್ಲಿ ಹೊಸದೇ ಯಾಕೆ ಮೇಲಿರಬೇಕು?

ಕ್ಯಾಮೆರಾ ಬಳಸುವುದನ್ನು ಕಲಿಸಲು 14 ಪಾಠ ಬರೆದು ನನ್ನ ಸೈಟಿಗೆ ಹಾಕಿದ್ದೆ. ಸೈಟು ನಡೆಯುವುದು ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ. ಓದುಗರೊಬ್ಬರು ಕೇಳಿದರು, "ಇದು ಶುರುವಾಗೋದು ಎಲ್ಲಿಂದ?"

ಆ ಪಾಠಗಳನ್ನೆಲ್ಲ ಪಟ್ಟಿಮಾಡುವ ಕೆಟಗರಿ ಪುಟ ತೆರೆದೆ. ಮೇಲೆ 14ನೇ ಪಾಠ. ನಾವಾಗಿ ಬದಲಿಸದಿದ್ದರೆ ವರ್ಡ್‌ಪ್ರೆಸ್ ಪುಟಕ್ಕೆ 10 ಪೋಸ್ಟ್ ತೋರಿಸುತ್ತದೆ, ಅದೂ ಹೊಸದು ಮೊದಲು. ಮೊದಲ ಪಾಠ ಎರಡನೇ ಪುಟದ ತಳದಲ್ಲಿ ಕೂತಿತ್ತು! ಸುದ್ದಿಗೆ ಈ ಕ್ರಮ ಸರಿ. ಪಾಠಕ್ಕೆ ತಲೆಕೆಳಗು, ಅಲ್ವಾ?

ಸರಿಮಾಡಲು ಹೋಗಿ ಮೊದಲು ಮಾಡಿದ್ದು ಎಡವಟ್ಟು. ಸೈಟಿನ ರೂಪ ನಿರ್ಧರಿಸುವ ಥೀಮಿನಲ್ಲಿ ಈ ಪುಟವನ್ನು ಮೂಡಿಸುವ ಫೈಲು ಕೆಟಗರಿ ಟೆಂಪ್ಲೇಟು. ಅದಕ್ಕೆ ಪೋಸ್ಟ್‌ಗಳನ್ನು ಮತ್ತೆ ಆರಿಸಿ ತರುವ ಕ್ವೆರಿ_ಪೋಸ್ಟ್ಸ್ (query_posts) ಎಂಬ ಆದೇಶ ತುರುಕಿದೆ. ಹಳೆಯದು ಮೊದಲು, ಪುಟಕ್ಕೆ 5. ಎರಡು ಪುಟ ಚೆನ್ನಾಗಿ ಬಂದವು. ಮೂರನೆಯದನ್ನು ಒತ್ತಿದರೆ 404, ಅಂದರೆ 'ಪುಟ ಸಿಗಲಿಲ್ಲ'. ಟೆಂಪ್ಲೇಟಿನ ಸರದಿ ಬರುವ ಹೊತ್ತಿಗೆ ವರ್ಡ್‌ಪ್ರೆಸ್ ತನ್ನ ಮುಖ್ಯ ಕ್ವೆರಿಯನ್ನು, ಅಂದರೆ ಆ ಪುಟದ ಪೋಸ್ಟ್‌ಗಳಿಗಾಗಿ ಡೇಟಾಬೇಸಿಗೆ ಕೇಳುವ ಪ್ರಶ್ನೆಯನ್ನು, ಆಗಲೇ ಓಡಿಸಿರುತ್ತದೆ. ಅದರ ಲೆಕ್ಕದಲ್ಲಿ ಪುಟಕ್ಕೆ 10, ಅಂದರೆ ಎರಡೇ ಪುಟ. ನನ್ನ ಲೆಕ್ಕದಲ್ಲಿ ಮೂರು. ಇಲ್ಲದ ಪುಟವನ್ನು ಅದು ಎಲ್ಲಿಂದ ತರಬೇಕು? ಜೊತೆಗೆ ಡೇಟಾಬೇಸಿಗೆ ಸುಮ್ನೆ ಎರಡು ಸಲ ಓಡಾಟ. ಕ್ವೆರಿ_ಪೋಸ್ಟ್ಸ್ ಬಳಸಿ ಅನ್ನುವ ಸಲಹೆಯನ್ನು ಇನ್ನೂ ಹಂಚುವವರನ್ನು ಕಂಡರೆ ನನಗೆ ಸಿಟ್ಟು.

ಇದಕ್ಕೆ ಸರಿಯಾದ ಜಾಗ ಪ್ರೀ_ಗೆಟ್_ಪೋಸ್ಟ್ಸ್ (pre_get_posts) ಹುಕ್. ಹುಕ್ ಅಂದರೆ ವರ್ಡ್‌ಪ್ರೆಸ್ ಕೆಲಸದ ನಡುವೆ ನಮ್ಮ ಕೋಡ್ ಸೇರಿಸಲು ಬಿಟ್ಟ ಜಾಗ. ಡೇಟಾಬೇಸಿಗೆ ಕೇಳುವ ಮೊದಲೇ ಕ್ವೆರಿ ನಮ್ಮ ಕೈಗೆ ಬರುತ್ತದೆ. ಆರ್ಡರ್ ಅನ್ನು ಎಎಸ್‌ಸಿ (ASC, ಹಳೆಯದು ಮೊದಲು) ಮಾಡಿ, ಪುಟಕ್ಕೆ ಎಷ್ಟು ಅಂತ ಹೇಳಿದರೆ ಮುಗಿಯಿತು. ಪುಟಗಳ ಲೆಕ್ಕವೂ ತಾನಾಗಿ ಸರಿಹೋಗುತ್ತದೆ. ಬೇಡದ ಪೋಸ್ಟ್‌ಗಳನ್ನು ಬಿಡುವುದೂ ಇಲ್ಲೇ.

ಆದರೆ ಕಾವಲು ಬೇಕು. ಈ ಹುಕ್ ಎಲ್ಲ ಕ್ವೆರಿಗೂ ಓಡುತ್ತದೆ. ನಾನು ಇದು ಕೆಟಗರಿ ಪುಟವೇ ಅಂತ ಮಾತ್ರ ಪರೀಕ್ಷಿಸಿ, ಇದು ಮುಖ್ಯ ಕ್ವೆರಿಯೇ ಅಂತ ಕೇಳುವುದನ್ನು ಮರೆತಿದ್ದೆ. ಆ ಪುಟದ ಪಕ್ಕದಲ್ಲಿದ್ದ 'ಇತ್ತೀಚಿನ ಬರಹ' ಪಟ್ಟಿಯಲ್ಲಿ ನನ್ನ ಅತಿ ಹಳೆಯ ಬರಹಗಳು ಎದ್ದು ಬಂದವು. ಅವನ್ನು ಯಾರೂ ಓದಬಾರದಿತ್ತು. ಈಗ ಮೂರು ಪ್ರಶ್ನೆ ಕೇಳುತ್ತೇನೆ: ಅಡ್ಮಿನ್ (ಸೈಟು ನಿರ್ವಹಿಸುವ ಒಳಪುಟ) ಅಲ್ಲ ತಾನೇ? ಮುಖ್ಯ ಕ್ವೆರಿಯೇ? ಅದೇ ಕೆಟಗರಿಯೇ? ಮುಖ್ಯ ಕ್ವೆರಿಯನ್ನು ಗುರುತಿಸುವ ಈ ಸೌಲಭ್ಯ 2011ರ 3.3 ಆವೃತ್ತಿಯಿಂದಲೂ ಇದೆ.

ಇಷ್ಟಕ್ಕೆ ದೊಡ್ಡ ಪ್ಲಗಿನ್ (ಹೊರಗಿನಿಂದ ಸೇರಿಸುವ ಹೆಚ್ಚುವರಿ ತಂತ್ರಾಂಶ) ಯಾಕೆ ಅನ್ನುವುದು ನನ್ನ ವಾದ. ಹತ್ತು ಸಾಲೂ ಇಲ್ಲದ ಕೋಡ್ ಇದು. ಮೂಲ ಥೀಮಿನ ಫೈಲಿಗೆ ಮಾತ್ರ ಹಾಕಬೇಡಿ, ಅಪ್‌ಡೇಟ್ ಬಂದ ದಿನ ಅಳಿಸಿಹೋಗುತ್ತದೆ. ಮೂಲ ಥೀಮನ್ನು ಆಧರಿಸಿ ನಾವೇ ಬೇರೆಯಾಗಿ ಇಟ್ಟುಕೊಳ್ಳುವ ಚೈಲ್ಡ್ ಥೀಮಿನಲ್ಲಿ ಇಡಿ.

ಕೊನೆಗೂ ಒಂದು ತಕರಾರು ಉಳಿದಿತ್ತು. ಏಳನೇ ಪಾಠವನ್ನು ಎಂಟನೆಯದಕ್ಕಿಂತ ತಡವಾಗಿ ಹಾಕಿದ್ದೆ. ಅದಕ್ಕೆ ಕೋಡ್ ಬರೆಯುವ ಉಸಾಬರಿ ಬೇಡ ಅಂತ ಏಳನೆಯದರ ಪ್ರಕಟಣೆಯ ದಿನಾಂಕವನ್ನೇ ಹಿಂದಕ್ಕೆ ತಳ್ಳಿದೆ.