ಕತ್ತರಿಸೋಕೆ ಟೇಪಿದೆ, ತುಂಬಿಡೋಕೆ ಟೇಪಿಲ್ಲ

ಒಂದೇ ಬೆಳಿಗ್ಗೆ ಎರಡು ಮೇಲ್ ಬಂದವು. ಮೊದಲನೆಯದು ಕಂಪ್ಯೂಟರ್ ವಿಭಾಗದ್ದು: ‘ನಿಮ್ಮ ಸ್ಟೋರೇಜ್ ಕೋಟಾ ಶೇ 95ರಷ್ಟು ತುಂಬಿದೆ. ಬೇಡದ ಫೈಲುಗಳನ್ನು ಕೂಡಲೇ ಅಳಿಸಿ.’ ಎರಡನೆಯದು ಸಂಶೋಧನಾ ವಿಭಾಗದ್ದು: ‘ಸಂಶೋಧನೆಯ ಎಲ್ಲಾ ಮೂಲ ಡೇಟಾವನ್ನು ಹತ್ತು ವರ್ಷ ಜೋಪಾನವಾಗಿ ಇಡತಕ್ಕದ್ದು.’ ಎರಡೂ ವಿಭಾಗ ಇರುವುದು ಒಂದೇ ಮಹಡಿಯಲ್ಲಿ. ನಡುವೆ ಒಂದು ಗೋಡೆ. ಗೋಡೆಗೂ ಕಿವಿ ಇರುತ್ತೆ ಅಂತಾರೆ, ಬಾಯಿಯೂ ಇದ್ದಿದ್ದರೆ ಅದಾದರೂ ನಕ್ಕಿರುತ್ತಿತ್ತು.

ಅದೇ ವಾರ ಹೊಸ ಮೈಕ್ರೋಸ್ಕೋಪಿನ ಉದ್ಘಾಟನೆ. ಸಾಮಾನ್ಯದ್ದಲ್ಲ, ಕ್ರಯೋ ಎಲೆಕ್ಟ್ರಾನ್ ಮೈಕ್ರೋಸ್ಕೋಪು. ಪ್ರೋಟೀನಿನ ಒಂದೊಂದು ಮಡಿಕೆಯನ್ನೂ ಬಿಡಿಸಿ ತೋರಿಸುವ ಯಂತ್ರ. ಇಂಥವು ದಿನಕ್ಕೆ ಹಲವು ಟೆರಾಬೈಟ್ ಚಿತ್ರ ಕಕ್ಕುತ್ತವೆ. ಗಣ್ಯರು ಬಂದರು, ಕೆಂಪು ಟೇಪು ಕತ್ತರಿಸಿದರು, ಚಪ್ಪಾಳೆಯಾಯಿತು. ‘ಬರೋ ಡೇಟಾನ ಎಲ್ಲಿಡ್ತೀವಿ ಸರ್?’ ಅಂತ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಕೇಳಿದಳು. ಪಿಎಚ್‌ಡಿ ಮೊದಲ ವರ್ಷ, ಪಾಪ, ಇನ್ನೂ ಗೊತ್ತಿಲ್ಲ. ‘ಒಳ್ಳೆಯ ಪ್ರಶ್ನೆ. ಅದಕ್ಕೊಂದು ಸಮಿತಿ ಮಾಡೋಣ’ ಎಂದರು ವೇದಿಕೆಯ ಮೇಲಿದ್ದವರು.

ಸಂಶೋಧನಾ ಲೋಕದಲ್ಲಿ ಎರಡು ಥರದ ಟೇಪು ಇರುತ್ತೆ. ಒಂದು ಕತ್ತರಿಸುವ ಟೇಪು, ಇನ್ನೊಂದು ಕ್ಯಾಸೆಟ್ಟಿನೊಳಗೆ ಸುತ್ತಿದ, ಡೇಟಾ ತುಂಬಿಡುವ ಟೇಪು. ಮೊದಲನೆಯದಕ್ಕೆ ಕೊರತೆ ಬಿದ್ದದ್ದನ್ನು ನಾನು ಈವರೆಗೆ ನೋಡಿಲ್ಲ. ಯಂತ್ರದ ಪಕ್ಕ ನಿಂತರೆ ಫೋಟೊ ಚೆನ್ನಾಗಿ ಬರುತ್ತೆ. ಡಿಸ್ಕು ತುಂಬಿದ ಕಪ್ಪು ಕಬ್ಬಿಣದ ಬೀರುವಿನ ಪಕ್ಕ ನಿಂತು ಯಾರು ಫೋಟೊ ತೆಗೆಸಿಕೊಳ್ಳುತ್ತಾರೆ? ಅದರ ಫ್ಯಾನ್ ಸದ್ದಿಗೆ ಭಾಷಣವೂ ಕೇಳಿಸುವುದಿಲ್ಲ.

ನೆಟ್‌ವರ್ಕಿಗೂ ಟೇಪು ಕತ್ತರಿಸುವ ಭಾಗ್ಯ ಇದೆ. ಸೆಕೆಂಡಿಗೆ 100 ಗಿಗಾಬಿಟ್ ಲಿಂಕು ಬಂತು ಅಂದರೆ ಸುದ್ದಿ. ನಿಜಕ್ಕೂ ಖುಷಿಪಡಬೇಕಾದ ವಿಷಯವೇ. ಆ ಲಿಂಕು ಪೂರ್ತಿ ಖಾಲಿ ಸಿಕ್ಕರೆ ಒಂದು ಪೆಟಾಬೈಟ್, ಅಂದರೆ ಸಾವಿರ ಟೆರಾಬೈಟ್, 22 ಗಂಟೆ ಚಿಲ್ಲರೆಯಲ್ಲಿ ಈ ತುದಿಯಿಂದ ಆ ತುದಿಗೆ ಹೋಗುತ್ತೆ. ಆ ತುದಿಯಲ್ಲಿ ಏನಿದೆ? ಮೇಜಿನ ಕೆಳಗೊಂದು ಹಾರ್ಡ್ ಡಿಸ್ಕು. ಅದು ಎಷ್ಟೇ ಉಸಿರು ಬಿಗಿಹಿಡಿದು ಬರೆದರೂ ಸೆಕೆಂಡಿಗೆ 250 ಮೆಗಾಬೈಟ್ ಆಸುಪಾಸು, ಅಂದರೆ ಬೈಟಿಗೆ ಎಂಟು ಬಿಟ್ಟಿನಂತೆ 2 ಗಿಗಾಬಿಟ್. ಪೈಪು ತುಂಬಿ ಬಂದರೆ ಐವತ್ತು ಡಿಸ್ಕು ಒಟ್ಟಿಗೆ ಬಾಯಿ ತೆರೆದು ಕೂರಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನೋದು ಇದಕ್ಕೇ.

ಸುಮ್ನೆ ನೆನಪಾಯಿತು. ಕಪ್ಪುರಂಧ್ರದ ಮೊದಲ ಚಿತ್ರ 2019ರ ಏಪ್ರಿಲ್‌ನಲ್ಲಿ ಬಂತಲ್ವಾ? ಬೇರೆ ಬೇರೆ ಕಡೆಯ ಟೆಲಿಸ್ಕೋಪುಗಳು ಬರೆದ ಅದರ ಡೇಟಾ ನೆಟ್‌ವರ್ಕಿನಲ್ಲಿ ಬರಲೇ ಇಲ್ಲ. ಸುಮಾರು 5 ಪೆಟಾಬೈಟ್, ಅರ್ಧ ಟನ್ ತೂಕದ ಹಾರ್ಡ್ ಡಿಸ್ಕುಗಳು ವಿಮಾನ ಹತ್ತಿ ಬಂದವು. ದಕ್ಷಿಣ ಧ್ರುವದ ಟೆಲಿಸ್ಕೋಪಿನ ಡಿಸ್ಕುಗಳು ಮಾತ್ರ ಅಲ್ಲೇ ಸಿಕ್ಕಿಕೊಂಡವು. ಚಳಿಗಾಲದಲ್ಲಿ ಅಲ್ಲಿಂದ ವಿಮಾನ ಹಾರುವುದಿಲ್ಲ. ಏಪ್ರಿಲ್ 2017ರಲ್ಲಿ ಬರೆದ ಡೇಟಾಗೆ ವಿಜ್ಞಾನಿಗಳು ಆ ವರ್ಷದ ಕೊನೆಯವರೆಗೂ ಕಾದರು. ಕೋಟ್ಯಂತರ ಜ್ಯೋತಿರ್ವರ್ಷ ದೂರದಿಂದ ಬೆಳಕು ಹೇಗೋ ಬಂದುಬಿಟ್ಟಿತು, ಡಿಸ್ಕಿನ ಪೆಟ್ಟಿಗೆಗೆ ಬಸ್ ತಪ್ಪಿತು. ಅವರನ್ನು ನಾನು ಆಡಿಕೊಳ್ಳುತ್ತಿಲ್ಲ. ಡೇಟಾಗೆ ತೂಕ ಇದೆ, ಅದು ಜಾಗ ಕೇಳುತ್ತೆ ಅಂತ ಒಪ್ಪಿಕೊಂಡು ಕೆಲಸ ಮಾಡಿದವರು ಅವರು.

ಸಮಿತಿಗೆ ಬರೋಣ. ನಾನೂ ಅದರಲ್ಲಿದ್ದೆ, ಆದ್ದರಿಂದ ಪಾಪದಲ್ಲಿ ಪಾಲು ನನಗೂ ಇದೆ. ನಮ್ಮ ಸಿಸ್ಟಂ ಅಡ್ಮಿನ್ ಹುಡುಗ ಒಂದು ಪ್ಲಾನ್ ತಂದಿದ್ದ. ಮಾಮೂಲಿ ಸರ್ವರುಗಳು, ಅವುಗಳ ತುಂಬಾ ಮಾಮೂಲಿ ಡಿಸ್ಕುಗಳು, ಮೇಲೆ ಅವೆಲ್ಲವನ್ನೂ ಸೇರಿಸಿ ಒಂದೇ ದೊಡ್ಡ ಸ್ಟೋರೇಜು ಮಾಡುವ ಸೆಫ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್. ಪಕ್ಕದಲ್ಲಿ ಒಂದು ದೊಡ್ಡ ಕಂಪನಿಯ ಕೊಟೇಶನ್. ಬೆಲೆ ಎಷ್ಟೋ ಪಟ್ಟು ಜಾಸ್ತಿ, ಕಾಗದವೂ ಅಷ್ಟೇ ದಪ್ಪ.

‘ಇದು ಯಾಕೆ ಇಷ್ಟು ಅಗ್ಗ?’ ಎಂದರು ಅಧ್ಯಕ್ಷರು, ಹುಡುಗನ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು.

‘ಸರ್, ಡಿಸ್ಕು ಕೆಟ್ಟರೆ ತೆಗೆದು ಬೇರೆ ಹಾಕ್ತೀವಿ. ಡೇಟಾಗೆ ಏನೂ ಆಗಲ್ಲ.’

‘ಅಂದರೆ ಡಿಸ್ಕು ಕೆಡುತ್ತೆ ಅಂತ ನೀವೇ ಒಪ್ಪಿಕೊಳ್ತಿದ್ದೀರಿ.’

‘ಎಲ್ಲಾ ಡಿಸ್ಕೂ ಒಂದಲ್ಲ ಒಂದು ದಿನ ಕೆಡುತ್ತೆ ಸರ್.’

‘ಈ ಕಂಪನಿಯವರು ಹಾಗೆ ಎಲ್ಲೂ ಬರೆದಿಲ್ಲವಲ್ಲ!’

ಹುಡುಗ ಸುಮ್ಮನಾದ. ನಾವೂ ಸುಮ್ಮನಾದೆವು. ಬಿಸ್ಕತ್ತಿನ ತಟ್ಟೆ ಒಂದು ಸುತ್ತು ಬಂತು.

ಕೆಡುತ್ತೆ ಅಂತ ಮೊದಲೇ ಒಪ್ಪಿಕೊಳ್ಳೋದೇ ಈ ವಿದ್ಯೆಯ ಗುಟ್ಟು. ಒಂದು ಫೈಲನ್ನು ಎಂಟು ತುಂಡು ಮಾಡಿ. ಲೆಕ್ಕ ಹಾಕಿ ಇನ್ನೂ ಮೂರು ತುಂಡು ಹುಟ್ಟಿಸಿ. ಹನ್ನೊಂದನ್ನೂ ಹನ್ನೊಂದು ಬೇರೆ ಬೇರೆ ಸರ್ವರಿನಲ್ಲಿಡಿ. ಯಾವ ಮೂರು ಸತ್ತರೂ ಉಳಿದ ಎಂಟರಿಂದ ಫೈಲು ಎದ್ದು ಬರುತ್ತೆ. ಮೂರು ಪೂರ್ತಿ ಪ್ರತಿ ಇಟ್ಟರೆ ಮೂರು ಪಟ್ಟು ಜಾಗ ಬೇಕು, ಇದಕ್ಕೆ ಒಂದೂವರೆ ಪಟ್ಟೂ ಬೇಡ. ಈ ಲೆಕ್ಕ ಹೊಸದೂ ಅಲ್ಲ. ರೀಡ್ ಮತ್ತು ಸಾಲೊಮನ್ ಅನ್ನುವ ಇಬ್ಬರು 1960ರಲ್ಲೇ ಬರೆದಿಟ್ಟರು. ಗೀರು ಬಿದ್ದ ಸಿಡಿ ಹಾಡುತ್ತಿದ್ದದ್ದೂ ಇದರಿಂದಲೇ. ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನವರ ಡಿಸ್ಕ್ ಸ್ಟೋರೇಜು 2023ರಲ್ಲಿ ಒಂದು ಎಕ್ಸಾಬೈಟ್ ದಾಟಿತು, ಹತ್ತು ಲಕ್ಷ ಟೆರಾಬೈಟ್. ಅಷ್ಟೂ ಇರುವುದು 1,11,000 ಸಾಧನಗಳಲ್ಲಿ, ಹೆಚ್ಚಿನವು ಮಾಮೂಲಿ ಹಾರ್ಡ್ ಡಿಸ್ಕುಗಳೇ. ಅಲ್ಲಿ ಡಿಸ್ಕು ಸಾಯುವುದು ಸುದ್ದಿಯಲ್ಲ, ದಿನಚರಿ. ಬ್ಯಾಕ್‌ಬ್ಲೇಜ್ ಅನ್ನುವ ಕಂಪನಿ 2009ರಲ್ಲೇ 67 ಟೆರಾಬೈಟಿನ ಪೆಟ್ಟಿಗೆಯನ್ನು 7,867 ಡಾಲರಿಗೆ ಹೇಗೆ ಕಟ್ಟೋದು ಅಂತ ನಕ್ಷೆ ಸಮೇತ ಊರಿಗೆಲ್ಲಾ ಹೇಳಿತು. ಇವೆಲ್ಲಾ ಸಮಿತಿಯ ಮುಂದೆ ಹೇಳಬಹುದಿತ್ತು. ಅಧ್ಯಕ್ಷರು ಆಗಲೇ ಕಂಪನಿಯ ಬ್ರೋಶರ್ ತಿರುವುತ್ತಿದ್ದರು.

ಅಗ್ಗ ಅನ್ನೋ ಪದದ ಮೇಲೆ ಈ ಮುನಿಸು ಹಳೆಯದು. ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ 1988ರಲ್ಲಿ ರೇಡ್ (RAID) ಅನ್ನುವ ವಿಧಾನದ ಪ್ರಬಂಧ ಬರೆದರು. ಒಂದು ದುಬಾರಿ ಡಿಸ್ಕಿನ ಬದಲು ಚಿಕ್ಕ ಚಿಕ್ಕ ಡಿಸ್ಕು ಜೋಡಿಸಿ ಅನ್ನೋದು ಅದರ ತಿರುಳು. ಆ ಹೆಸರಿನೊಳಗಿನ ‘ಐ’ ಅಕ್ಷರ ಇನ್‌ಎಕ್ಸ್‌ಪೆನ್ಸಿವ್, ಅಂದರೆ ಅಗ್ಗ. ಆಮೇಲೆ ಅದನ್ನು ಮಾರುವವರು ಬಂದರು. ಅಗ್ಗ ಅಂತ ಹೆಸರಲ್ಲೇ ಬರೆದುಕೊಂಡು ದುಬಾರಿಗೆ ಮಾರೋದು ಹೇಗೆ? ‘ಐ’ ಅಂದರೆ ಇಂಡಿಪೆಂಡೆಂಟ್ ಎಂದು ಬದಲಾಯಿತು. ಸ್ವತಂತ್ರವಾದದ್ದು ಡಿಸ್ಕಲ್ಲ, ಬೆಲೆ. ಇನ್ನೂ ತಮಾಷೆ ಅಂದರೆ, ರೇಡ್ ಹುಟ್ಟಿದ್ದು ವಿಶ್ವವಿದ್ಯಾಲಯದಲ್ಲಿ. ಸೆಫ್ ಹುಟ್ಟಿದ್ದೂ ವಿಶ್ವವಿದ್ಯಾಲಯದಲ್ಲೇ, ಸಾಂತಾ ಕ್ರೂಜ್‌ನ ಸೇಜ್ ವೈಲ್ ಅನ್ನುವ ಪಿಎಚ್‌ಡಿ ವಿದ್ಯಾರ್ಥಿಯ ಕೆಲಸ. ಹೆತ್ತ ಮಗುವನ್ನೇ ನಾವು ಐದು ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ದತ್ತು ತೆಗೆದುಕೊಳ್ಳುತ್ತೇವೆ.

ಬ್ರೋಶರ್‌ನಲ್ಲಿ ಡೇಟಾ ಟೇಪಿನ ಒಂದು ಪುಟವೂ ಇತ್ತು. ಎಲ್‌ಟಿಒ-9 ಕ್ಯಾಸೆಟ್, 45 ಟೆರಾಬೈಟ್, ಪಕ್ಕದಲ್ಲೊಂದು ಪುಟ್ಟ ನಕ್ಷತ್ರ. ಖಗೋಳ ವಿಜ್ಞಾನಿಗಳೂ ಕಂಡುಹಿಡಿಯಲಾರದಷ್ಟು ಪುಟ್ಟದು. ಪುಟದ ಬುಡದಲ್ಲಿ ಅದರ ಅರ್ಥ ಇತ್ತು: ನಿಮ್ಮ ಡೇಟಾ ಎರಡೂವರೆ ಪಟ್ಟು ಕುಗ್ಗಿದರೆ. ಇಲ್ಲದಿದ್ದರೆ 18. ಜೀನೋಮ್ ಫೈಲುಗಳನ್ನು ಮೊದಲೇ ಕುಗ್ಗಿಸಿ ಇಟ್ಟಿರುತ್ತಾರೆ. ಹಿಂಡಿ ಒಣಗಿಸಿದ ಬಟ್ಟೆಯನ್ನು ಮತ್ತೆ ಹಿಂಡಿದರೆ ನೀರು ಬರುತ್ತಾ? ನಕ್ಷತ್ರ ಏನೇ ಹೇಳಲಿ, ಟೇಪು ಒಳ್ಳೆಯ ವಸ್ತು. ಕಪಾಟಿನಲ್ಲಿ ಸುಮ್ಮನೆ ಕೂತಿರುತ್ತೆ, ಕೂತಿರುವಾಗ ಕರೆಂಟು ಕೇಳುವುದಿಲ್ಲ. ಹಾಗಾಗಿಯೇ ಅದನ್ನು ಯಾರೂ ಗಮನಿಸುವುದಿಲ್ಲವೇನೋ.

ಸಮಿತಿಯ ತೀರ್ಮಾನ: ಎರಡೂ ಬೇಡ, ಸದ್ಯಕ್ಕೆ ಕ್ಲೌಡ್ ಬಳಸಿ.

ಕ್ಲೌಡ್ ಅಂದಾಗ ಅನ್‌ಲಿಮಿಟೆಡ್ ಕಾಲ ನೆನಪಾಗದೆ ಇರುತ್ತಾ? ವಿಶ್ವವಿದ್ಯಾಲಯಗಳೇ, ಎಷ್ಟು ಬೇಕೋ ಅಷ್ಟು ತುಂಬಿ ಅಂತ ಗೂಗಲ್ ಹೇಳಿತ್ತು. ತುಂಬಿದರು. 2021ರ ಫೆಬ್ರುವರಿಯಲ್ಲಿ ಅದೇ ಗೂಗಲ್, ಇನ್ನು ಮೇಲೆ ಇಡೀ ಸಂಸ್ಥೆಗೆ ಸೇರಿ ಪುಕ್ಕಟೆ ಸಿಗೋದು 100 ಟೆರಾಬೈಟ್ ಅಂದಿತು. ಎರಡು ವರ್ಷದ ನಂತರ ಮೈಕ್ರೋಸಾಫ್ಟ್ ಕೂಡ ಅದೇ ನೂರಕ್ಕೆ ಬಂತು. ಸಾವಿರಾರು ಜನರ ವಿಶ್ವವಿದ್ಯಾಲಯಕ್ಕೆ ನೂರು. ನಮ್ಮ ಮೈಕ್ರೋಸ್ಕೋಪು ಅಷ್ಟನ್ನು ಎರಡು ತಿಂಗಳೊಳಗೆ ನುಂಗುತ್ತೆ. ಅವರನ್ನು ಬೈದು ಪ್ರಯೋಜನವಿಲ್ಲ. ಅನ್‌ಲಿಮಿಟೆಡ್ ಅಂದ ಕೂಡಲೇ ನಂಬಿ, ಇದ್ದ ಡಿಸ್ಕುಗಳನ್ನೆಲ್ಲಾ ಗುಜರಿಗೆ ಹಾಕಿದವರು ನಾವು.

ಇನ್ನು ದುಡ್ಡು ಕೊಟ್ಟು ಬಳಸುವ ಕ್ಲೌಡು. ಒಳಗೆ ಹಾಕುವಾಗ ಸಾಮಾನ್ಯವಾಗಿ ಕಾಸು ಕೇಳುವುದಿಲ್ಲ. ಹೊರಗೆ ತೆಗೆಯುವಾಗ ಗಿಗಾಬೈಟಿಗೆ ಇಷ್ಟು ಅಂತ ಮೀಟರ್ ಓಡುತ್ತೆ. ನನ್ನ ಡೇಟಾ ನನಗೆ ವಾಪಸ್ ಬೇಕು ಅಂದರೆ ದಂಡ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಅತಿ ಅಗ್ಗದ ಕಪಾಟಿನಲ್ಲಿಟ್ಟರೆ ಇನ್ನೂ ಚಂದ. ಅಮೆಜಾನಿನ ಡೀಪ್ ಆರ್ಕೈವ್‌ನಲ್ಲಿಟ್ಟ ಫೈಲನ್ನು ಕೇಳಿದರೆ 12 ಗಂಟೆ ಹಿಡಿಯಬಹುದು, ಇನ್ನೂ ಕಡಿಮೆ ದರದಲ್ಲಿ ಕೇಳಿದರೆ 48 ಗಂಟೆ. ಜಗತ್ತಿನೊಂದಿಗೆ ಹಂಚಿಕೊಳ್ಳಬೇಕಾದ ಡೇಟಾ ಅದು. ಹೊರಗಿನವರು ಹೆಚ್ಚು ಹೆಚ್ಚು ಇಳಿಸಿಕೊಂಡಷ್ಟೂ ನಮ್ಮ ಬಿಲ್ಲು ಏರುತ್ತೆ. ನಿಮ್ಮ ಸಂಶೋಧನೆ ಯಾರಿಗೂ ಬೇಡವಾದರೆ ನೀವು ಉಳಿದುಕೊಳ್ಳುತ್ತೀರಿ.

ಹಣ ಕೊಡುವವರದ್ದು ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಸಂಶೋಧನೆಗೆ ಗ್ರಾಂಟು ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಎಸ್‌ಎಫ್ 2011ರಿಂದ ಪ್ರತಿ ಅರ್ಜಿಗೂ ಡೇಟಾ ಹೇಗೆ ನೋಡಿಕೊಳ್ತೀರಿ ಅನ್ನುವ ಪ್ಲಾನ್ ಕಡ್ಡಾಯ ಮಾಡಿತು. 2016ರಲ್ಲಿ ಫೇರ್ (FAIR) ತತ್ವಗಳು ಬಂದವು: ಡೇಟಾ ಹುಡುಕಿದರೆ ಸಿಗಬೇಕು, ತೆರೆಯಬೇಕು, ಬೇರೆಯದರ ಜೊತೆ ಹೊಂದಬೇಕು, ಮತ್ತೆ ಬಳಕೆಗೆ ಬರಬೇಕು. ನಾಲ್ಕು ಅಕ್ಷರಕ್ಕೆ ನಾಲ್ಕು ಒಳ್ಳೆಯ ಮಾತು. ಬಿಲ್ಲು ಯಾರು ಕಟ್ಟೋದು ಅನ್ನೋದಕ್ಕೆ ಐದನೇ ಅಕ್ಷರ ಸಿಗಲಿಲ್ಲ. ಗ್ರಾಂಟು ಮೂರು ವರ್ಷ, ಡಿಸ್ಕಿನ ವಾರಂಟಿ ಐದು ವರ್ಷ, ಡೇಟಾ ಇಡಬೇಕಾದ್ದು ಹತ್ತು ವರ್ಷ. ಎಂಟನೇ ವರ್ಷ ಕೆಟ್ಟ ಡಿಸ್ಕನ್ನು ಯಾವ ಬಾಬ್ತಿನಲ್ಲಿ ಬದಲಾಯಿಸಲಿ ಅಂತ ಕೇಳಿದರೆ ಲೆಕ್ಕಪತ್ರದವರು ನನ್ನನ್ನೇ ಕೆಟ್ಟ ಡಿಸ್ಕು ನೋಡಿದ ಹಾಗೆ ನೋಡುತ್ತಾರೆ.

ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಕಥೆ ನಿಮಗೆ ಗೊತ್ತಿರಬಹುದು. 2021ರ ಡಿಸೆಂಬರ್. ಹಳೆಯ ಲಾಗ್ ಫೈಲು ಅಳಿಸಬೇಕಾಗಿದ್ದ ಬ್ಯಾಕಪ್ ಸ್ಕ್ರಿಪ್ಟು, ಅದು ಓಡುತ್ತಿರುವಾಗಲೇ ಬದಲಾದದ್ದರಿಂದ ದಾರಿ ತಪ್ಪಿ ಬಳಕೆದಾರರ ಫೈಲನ್ನೇ ಅಳಿಸಿತು. 77 ಟೆರಾಬೈಟ್, ಸುಮಾರು 3 ಕೋಟಿ 40 ಲಕ್ಷ ಫೈಲು. 14 ಗುಂಪುಗಳ ಡೇಟಾ ಹೋಯಿತು, ಅದರಲ್ಲಿ ನಾಲ್ಕು ಗುಂಪಿನದ್ದು ಬ್ಯಾಕಪ್‌ನಿಂದಲೂ ಬರಲಿಲ್ಲ. ಸ್ಕ್ರಿಪ್ಟು ಕೊಟ್ಟ ಕಂಪನಿ ತಪ್ಪು ಪೂರ್ತಿ ತನ್ನದೇ ಎಂದು ಒಪ್ಪಿಕೊಂಡಿತು, ಅಷ್ಟು ದೊಡ್ಡ ಮನಸ್ಸು. 2025ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೊರಿಯಾದ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದು ನೌಕರರ 858 ಟೆರಾಬೈಟ್ ಫೈಲು ಹೋಯಿತು. ಬೇರೆ ಕಡೆ ಬ್ಯಾಕಪ್ ಯಾಕಿಲ್ಲ? ಡೇಟಾ ತುಂಬಾ ದೊಡ್ಡದಿತ್ತು, ಅದಕ್ಕೆ.

ದೊಡ್ಡದಿತ್ತು! 18ರಿಂದ ಭಾಗಿಸಿ ನೋಡಿ. ನಲವತ್ತೆಂಟು ಕ್ಯಾಸೆಟ್. ಒಂದೊಂದೂ ಅಂಗೈಯಗಲ. ಒಂದು ಪ್ರಯಾಣದ ಚೀಲದಲ್ಲಿ ಹಿಡಿಸುತ್ತೆ, ಒಬ್ಬರೇ ಹೊತ್ತುಕೊಂಡು ಮೆಟ್ಟಿಲಿಳಿಯಬಹುದು. ಇದನ್ನು ಬರೆಯುವಾಗ ನನಗೆ ವಿಡಂಬನೆ ಹೊಳೆಯುತ್ತಿಲ್ಲ. ಗೊತ್ತಿಲ್ಲದ ವಿದ್ಯೆಯಾಗಿದ್ದರೆ ಸರಿ ಬಿಡಿ ಅನ್ನಬಹುದಿತ್ತು. ಎಲ್ಲಾ ಗೊತ್ತು. ಲೆಕ್ಕ ಗೊತ್ತು, ಸಾಫ್ಟ್‌ವೇರ್ ಪುಕ್ಕಟೆ, ಡಿಸ್ಕು ಅಂಗಡಿಯಲ್ಲಿ ಸಿಗುತ್ತೆ. ಅದನ್ನು ನೋಡಿಕೊಳ್ಳಲು ಇಬ್ಬರು ಜನ ಬೇಕು, ಅವರಿಗೆ ಪ್ರತಿ ತಿಂಗಳು ಸಂಬಳ ಕೊಡಬೇಕು. ಅದೊಂದನ್ನು ಮಾತ್ರ ಕೊಡಲ್ಲ. ಪೆಟ್ಟಿಗೆಗೆ ಗ್ರಾಂಟು ಇದೆ, ಪೆಟ್ಟಿಗೆ ಕಾಯುವವನಿಗೆ ಇಲ್ಲ. ನಮ್ಮ ಅಡ್ಮಿನ್ ಹುಡುಗ ಕಳೆದ ತಿಂಗಳು ಕೆಲಸ ಬಿಟ್ಟ. ಪಾಸ್‌ವರ್ಡುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು ಹೋದ, ಅದನ್ನು ಯಾರಿಗೆ ಕೊಡಬೇಕು ಅಂತ ಗೊತ್ತಾಗದೆ ನನ್ನ ಡ್ರಾಯರಿನಲ್ಲಿಟ್ಟುಕೊಂಡಿದ್ದೇನೆ.

ನಿನ್ನೆ ಆ ಪಿಎಚ್‌ಡಿ ಹುಡುಗಿ ಬಂದಿದ್ದಳು. ಕೈಯಲ್ಲಿ ಒಂದು ಹೊಸ ಎಕ್ಸ್‌ಟರ್ನಲ್ ಡಿಸ್ಕು, ಸ್ವಂತ ದುಡ್ಡಿನದ್ದು.

‘ಸರ್, ಇದನ್ನ ಎಲ್ಲಿಡಲಿ?’

ಮೇಜಿನ ಕೆಳಗಿನ ರಟ್ಟಿನ ಪೆಟ್ಟಿಗೆ ತೋರಿಸಿದೆ. ಅದರಲ್ಲಿ ಹದಿನೇಳು ಡಿಸ್ಕು ಇವೆ. ಒಂದರ ಮೇಲೆ ‘ಮುಟ್ಟಬೇಡಿ, 2014’ ಅಂತ ಬರೆದಿದೆ. ಬರೆದವರು ಯಾರೋ, ಒಳಗೆ ಏನಿದೆಯೋ, ಅದರ ಕೇಬಲ್ ಎಲ್ಲಿ ಹೋಯಿತೋ ಯಾರಿಗೂ ಗೊತ್ತಿಲ್ಲ. ಮುಟ್ಟಿಯೂ ಇಲ್ಲ. ಹುಡುಗಿ ಬಗ್ಗಿ ನೋಡಿದಳು. ಬುದ್ಧಿವಂತೆ, ಕೇಬಲ್ ಬೇರೆಯಾಗಬಾರದು ಅಂತ ಅವಳಿಗೆ ಕೂಡಲೇ ಹೊಳೆಯಿತು. ಕಟ್ಟೋಕೆ ಏನಾದರೂ ಇದೆಯಾ ಅಂತ ಸುತ್ತ ಹುಡುಕಿದಳು. ಕಿಟಕಿಯ ಹತ್ತಿರ ಉದ್ಘಾಟನೆಯ ದಿನ ಉಳಿದ ಕೆಂಪು ಟೇಪಿನ ಸುರುಳಿ ಬಿದ್ದಿತ್ತು. ಒಂದು ಗೇಣು ಕತ್ತರಿಸಿ, ಡಿಸ್ಕಿಗೂ ಕೇಬಲ್ಲಿಗೂ ಸೇರಿಸಿ ಗಂಟು ಹಾಕಿ, ಪೆಟ್ಟಿಗೆಯಲ್ಲಿಟ್ಟು ಹೋದಳು.